ನಾಲ್ಕು ತಿಂಗಳ ಗೇರ್‌ಬಾಕ್ಸ್

ನಮ್ಮೂರಲ್ಲಿ ಮನೆ ಕಟ್ಟೋಕೆ ಯಾರೂ ಜಾಗ ನೋಡೋದಿಲ್ಲ, ಕಾರು ನೋಡ್ತಾರೆ. ಮದುವೆಯಾದ ಗಂಡುಹೆಣ್ಣಿಗೆ ಹಿರಿಯರು ಒಂದು ಹಳೇ ಕಾರು ಕೊಡ್ತಾರೆ. ಅದನ್ನ ಓಡಿಸ್ಕೊಂಡೇ ಸಂಸಾರ ಮಾಡಬೇಕು. ಅದರ ಗೇರ್‌ಬಾಕ್ಸ್ ಎಲ್ಲಿ ಕೈಕೊಡ್ತದೋ ಅಲ್ಲೇ ಮನೆ. ಟೈರು ಬದಲಾಯಿಸಬಹುದು, ಇಂಜಿನ್ ಬಿಚ್ಚಿ ಕಟ್ಟಬಹುದು, ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದು. ಗೇರ್‌ಬಾಕ್ಸ್ ಮಾತ್ರ ಯಾರೂ ಬಿಚ್ಚೋ ಹಾಗಿಲ್ಲ. ಅದು ನಿಂತಿತು ಅಂದರೆ ಒಳಗಿದ್ದವರು ಇಳಿದು, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಒಲೆ ಹಚ್ಚಿ ಹಾಲು ಉಕ್ಕಿಸ್ತಾರೆ. ಆಮೇಲೆ ಅವರು ಇನ್ಯಾವ ಗಾಡಿಗೂ ಹತ್ತೋದಿಲ್ಲ. ಹತ್ತಿದರೆ ಮನೆ ಬಿಟ್ಟ ಹಾಗೆ. ಸಂಜೆಯೊಳಗೆ ಊರವರು ಬಂದು ಹೆಂಚು ಇಳಿಸಿ ಹಂಚಿಕೊಳ್ತಾರೆ.

ಹಾಗಾಗಿ ನಮ್ಮ ಬೀದಿಗಳು ನೆಟ್ಟಗಿಲ್ಲ. ಸಂತೆ ಮಾಳದ ಮಧ್ಯೆ ಮೂರು ಮನೆ, ಕೆರೆ ಏರಿ ಮೇಲೆ ಒಂಬತ್ತು. ಮುದ್ದಪ್ಪನ ಗಾಡಿ ಹೊಳೆ ಸೇತುವೆಯ ನಟ್ಟನಡುವೆ ನಿಂತು, ಅವನ ಮನೆ ಸೇತುವೆ ಮೇಲೇ ಆಯ್ತು. ಊರು ಬಿಟ್ಟು ಹೋಗೋ ಪ್ರತಿ ಗಾಡಿಯೂ ಅವನ ನಡುಮನೆಯಲ್ಲೇ ಹಾದು ಹೋಗಬೇಕು. ಹಾರ್ನ್ ಕೇಳಿದ ಕೂಡಲೇ ಅವನ ಹೆಂಡತಿ ಅಕ್ಕಿ ಮೊರ ಎತ್ತಿಕೊಂಡು ಗೋಡೆಗೆ ಒರಗ್ತಾಳೆ, ಅವನು ಚಾಪೆ ಸುತ್ತುತಾನೆ. ನಿಂತ ಗಾಡಿಗಳನ್ನೂ ನಾವು ಬಿಸಾಕೋದಿಲ್ಲ. ಬಾನೆಟ್ ಮೇಲೆ ಹಪ್ಪಳ ಒಣಗ್ತವೆ, ಹಿಂದಿನ ಸೀಟಲ್ಲಿ ಬಾಣಂತಿಯರು ಮಲಗ್ತಾರೆ, ಡಿಕ್ಕಿಯಲ್ಲಿ ಕೋಳಿ ಕಾವಿಗೆ ಕೂರ್ತದೆ.

ಇಂಥ ಊರಲ್ಲಿ ಗೇರ್‌ಬಾಕ್ಸ್ ನೋಡಿ ಅದರ ಆಯಸ್ಸು ಹೇಳೋಳು ನಾನು. ಹೆಸರು ದೇವೀರಮ್ಮ. ಅಪ್ಪನಿಂದ ಬಂದ ಕಸುಬು. ಗಾಡಿಯನ್ನ ಜಾಕಿ ಮೇಲೆ ಎತ್ತಿಸಿ, ಮೊದಲು ಒಂದು ಹನಿ ಗೇರ್ ಆಯಿಲ್ ಹೆಬ್ಬೆರಳಿಗೆ ತಗೊಂಡು ತಿಕ್ಕಿ ಬಿಸಿಲಿಗೆ ಹಿಡೀತೀನಿ. ಹಿತ್ತಾಳೆ ಪುಡಿ ಮಿನುಗಿದರೆ ಒಳಗೆ ಸವೆತ ಶುರುವಾಗಿದೆ ಅಂತ. ಸುಟ್ಟ ವಾಸನೆ ಬಂದರೆ ಓಡಿಸಿದವನಿಗೆ ತಾಳ್ಮೆ ಇಲ್ಲ ಅಂತ. ಆಮೇಲೆ ಬೀಟೆ ಕೋಲು. ಅದರ ಒಂದು ತುದಿ ಗೇರ್‌ಬಾಕ್ಸಿಗೆ ಒತ್ತಿ, ಇನ್ನೊಂದು ತುದಿಯನ್ನ ದವಡೆಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರೆ ಒಂದೊಂದೇ ಗೇರು ಹಲ್ಲಿನಿಂದ ತಲೆಯೊಳಕ್ಕೆ ಬರ್ತದೆ. ಕಿವಿ ಮೋಸ ಹೋಗಬಹುದು, ಹಲ್ಲು ಹೋಗೋದಿಲ್ಲ. "ಗೊಣಗೋ ಗೇರನ್ನ ನಂಬು ದೇವೀರಿ, ಸುಮ್ಮನಿರೋದನ್ನ ಎರಡು ಸಲ ವಿಚಾರಿಸು" ಅಂತ ಅಪ್ಪ ಹೇಳ್ತಿದ್ದ. ಮನುಷ್ಯರ ವಿಷಯದಲ್ಲೂ ಅದು ನಿಜ. ಅದಕ್ಕೇ ನಾನು ಹುಟ್ಟಿದಾಗಿನಿಂದ ಗೊಣಗಿಕೊಂಡೇ ಬಂದಿದ್ದೀನಿ. ಕೋಲು ಕಚ್ಚಿ ಕಚ್ಚಿ ಹಲ್ಲು ಒಂದೊಂದೇ ಅಲುಗಿ ಬೀಳ್ತವೆ. ಹಲ್ಲು ಮುಗಿದ ದಿನ ಕಸುಬೂ ಮುಗೀತು.

ನಾನು ಹೇಳೋ ಒಂದು ಮಾತಿನ ಮೇಲೆ ಜನರ ಬದುಕು ನಿಂತಿರ್ತದೆ. ಇದು ಜಂಬದ ಮಾತಲ್ಲ. ಗಾಡಿ ಇನ್ನು ಸ್ವಲ್ಪ ದಿನ ಅಂದರೆ ಅವರು ಊರಾಚೆ ಕಾಲಿಡೋದಿಲ್ಲ. ನೀರು ನೆರಳು ಇರೋ ಬೀದಿಗಳಲ್ಲೇ ಸುತ್ತುತಾ ಇರ್ತಾರೆ, ನಿಂತರೆ ಇಲ್ಲೇ ನಿಲ್ಲಲಿ ಅಂತ. ಬಹಳ ವರ್ಷ ಅಂದರೆ ಸೇತುವೆ ದಾಟಿ ಹೊರಟುಬಿಡ್ತಾರೆ. ದಾರಿಯುದ್ದಕ್ಕೂ ನಿಂತ ಮನೆಗಳಿವೆ, ದಾರಿಯಲ್ಲಿರೋರಿಗೆ ಊಟ ಹಾಕೋದು ನಮ್ಮಲ್ಲಿ ಎಲ್ಲರ ಮನೆ ಪದ್ಧತಿ. ಹಾಗೆ ಹೋದವರಲ್ಲಿ ಕೆಲವರು ಹಾಡ್ತಾ ವಾಪಸ್ ಬರ್ತಾರೆ. ಕೆಲವರ ಸುದ್ದಿ ಮಾತ್ರ ಬರ್ತದೆ.

ನನ್ನ ತಂಗಿ ಹೊನ್ನಮ್ಮನ ಸುದ್ದಿ ಬಂತು. ಅವಳ ಮದುವೆ ಗಾಡಿಗೆ ಕೋಲು ಕಚ್ಚಿದ್ದು ನಾನೇ, ಆಗ ನನಗೆ ಇಪ್ಪತ್ತು, ಬಾಯ್ತುಂಬ ಹಲ್ಲು. "ಹನ್ನೆರಡು ವರ್ಷ" ಅಂದೆ. ಅವಳೂ ಅವಳ ಗಂಡ ರಾಚಯ್ಯನೂ ಸೇತುವೆ ದಾಟಿ ಹೋದರು. ಹನ್ನೆರಡನೇ ವರ್ಷ ಗಾಡಿ ಕಲ್ಲುಬಯಲಲ್ಲಿ ನಿಂತಿತು ಅಂತ ದಾರಿಯವರು ಬಂದು ಹೇಳಿದರು. ಕಲ್ಲುಬಯಲು ನಮ್ಮೂರಿಂದ ಏಳು ತಿಂಗಳ ದಾರಿ. ಆ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಹೆಮ್ಮೆ. ಹನ್ನೆರಡು ಅಂದರೆ ಹನ್ನೆರಡೇ ಆಯ್ತಲ್ಲ ಅಂತ ಬೀದಿಯಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಅದನ್ನ ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳೋ ಹಾಗಾಗ್ತದೆ. ಯಾಕಂದರೆ ಮುಂದಿನ ವರ್ಷ ಬಂದದ್ದು ಹೊನ್ನಮ್ಮನ ಮಗು. ಹೆರಿಗೆಯಲ್ಲಿ ಅವಳು ಹೋಗಿಬಿಟ್ಟಿದ್ದಳು. ಮನೆ ಸಿಕ್ಕವನು ಗಾಡಿ ಹತ್ತೋ ಹಾಗಿಲ್ಲ, ಆ ಬಯಲಲ್ಲಿ ಕೂಸಿಗೆ ಹಾಲಿಲ್ಲ. ರಾಚಯ್ಯ ಊರ ಕಡೆ ಬರೋ ಗಾಡಿಯೊಂದರಲ್ಲಿ ಮಗುವನ್ನ ಕೊಟ್ಟು ಕಳಿಸಿದ್ದ. ಹಲ್ಲು ಹುಟ್ಟದ ಮಗುವಿಗೆ ನಮ್ಮ ನಿಯಮ ತಗಲೋದಿಲ್ಲ, ಅದು ಯಾವ ಗಾಡಿಯಲ್ಲಾದರೂ ಹೋಗಬಹುದು, ಎಲ್ಲಾದರೂ ಇಳೀಬಹುದು. ಹನ್ನೊಂದು ಗಾಡಿ ಬದಲಾಗಿ, ಹನ್ನೊಂದು ಜನ ಹೆಂಗಸರ ತೊಡೆ ದಾಟಿ ಅದು ನನ್ನ ತೊಡೆಗೆ ಬಂತು. ಒಸಡು ಆಗಲೇ ಬೆಳ್ಳಗಾಗಿತ್ತು. ಮೂರನೇ ದಿನ ಮೊದಲನೇ ಹಲ್ಲು ಕಾಣಿಸ್ತು.

ಆ ಮಗುವೇ ಚೆನ್ನಾಜಿ. ನನಗೆ ಮದುವೆಯಿಲ್ಲ, ಅಪ್ಪನ ಗಾಡಿ ನಿಂತ ಹುಣಸೆಮರದ ಬುಡದ ಮನೆಯಲ್ಲೇ ಇದ್ದೋಳು. ಅವಳನ್ನ ಬೆಳೆಸಿದ್ದು ನಾನು, ಬೈದದ್ದು ನಾನು, ತಲೆ ಬಾಚಿದ್ದು ನಾನು. ವರ್ಷಕ್ಕೊಮ್ಮೆ ಯಾರಾದರೂ ದಾರಿಯವರು ರಾಚಯ್ಯನ ಮಾತು ತರ್ತಿದ್ದರು. ಮಾತು ಒಂದೇ. "ಮಗಳನ್ನ ಒಂದು ಸಲ ನೋಡಬೇಕು." ಚೆನ್ನಾಜಿ ಅದನ್ನ ಕೇಳಿಸಿಕೊಂಡ ದಿನ ಊಟ ಸರಿಯಾಗಿ ಮಾಡ್ತಿರಲಿಲ್ಲ. "ನನ್ನ ಮದುವೆ ಆಗಲಿ ದೊಡ್ಡವ್ವ, ಗಾಡಿ ಸಿಕ್ಕಿದ ಮಾರನೇ ದಿನ ಅಪ್ಪನ ಹತ್ರ ಹೋಗ್ತೀನಿ" ಅಂತಿದ್ದಳು. "ಹೋಗೋಳಂತೆ ಇರು, ಮೊದಲು ಅನ್ನಕ್ಕೆ ನೀರಿಡು" ಅಂತಿದ್ದೆ ನಾನು.

ಮದುವೆ ಆಯ್ತು. ಗಂಡ ಗುರುಸಿದ್ದ, ಮೆದು ಮನುಷ್ಯ, ಛತ್ರಿ ರಿಪೇರಿ ಮಾಡೋನು. ಹಸಿರು ಬಣ್ಣದ ಗಾಡಿ ಕೊಟ್ಟರು. ನೆರೆದವರೆಲ್ಲ ಸುತ್ತ ನಿಂತಿದ್ದರು, ನಾನು ಎಣ್ಣೆ ತಿಕ್ಕಿ ನೋಡಿದೆ. ಜೇನಿನ ಹಾಗೆ ತಿಳಿಯಾಗಿತ್ತು. ಕೋಲು ಕಚ್ಚಿದೆ. ಆಗ ನನಗೆ ಉಳಿದಿದ್ದು ಆರು ಹಲ್ಲು, ಆರೂ ಒಂದೇ ಮಾತು ಹೇಳಿದವು. ಮೂವತ್ತು ವರ್ಷಕ್ಕೆ ಕಮ್ಮಿಯಿಲ್ಲ. ಅಂಥ ಗೇರ್‌ಬಾಕ್ಸ್ ನನ್ನ ಜೀವಮಾನದಲ್ಲಿ ಕಂಡಿದ್ದು ಅದೊಂದೇ. ಕಣ್ಣು ತೆಗೆದರೆ ಎದುರಿಗೆ ಚೆನ್ನಾಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟು ನಿಂತ ಹಾಗೆ ನಿಂತಿದ್ದಳು. ಥೇಟ್ ಹೊನ್ನಿ. ಬಾಯಿಂದ ಕೋಲು ತೆಗೆದು, "ನಾಲ್ಕು ತಿಂಗಳು" ಅಂದೆ.

ಅವಳ ಮುಖ ಇಳಿದದ್ದು ನೋಡಿದೆ. ಅಳಲಿಲ್ಲ. "ನಾಲ್ಕು ತಿಂಗಳ ಗಾಡಿ ಇಟ್ಕೊಂಡು ಏಳು ತಿಂಗಳ ದಾರಿಗೆ ಹೆಂಗೆ ಹೊರಡಲಿ" ಅಂತ ಗಂಡನ ಹತ್ರ ಮೆಲ್ಲಗೆ ಹೇಳಿದಳು ಅಷ್ಟೆ. ಅವತ್ತಿಂದ ಅವರು ಊರು ಸುತ್ತೋಕೆ ಶುರು ಮಾಡಿದರು. ಕೆರೆ ಏರಿ, ಸಂತೆ ಮಾಳದ ಪಕ್ಕ, ನಮ್ಮ ಹುಣಸೆಮರದ ಬೀದಿ, ಮತ್ತೆ ಕೆರೆ ಏರಿ. ಡಿಕ್ಕಿಯಲ್ಲಿ ನಾಲ್ಕು ಕಲ್ಲು, ಹೊಸ ಹಾಲಿನ ಪಾತ್ರೆ ಸಿದ್ಧವಾಗಿದ್ದವು. ದಿನಕ್ಕೆ ಎಂಟು ಸಲ ನನ್ನ ಬಾಗಿಲ ಮುಂದೆ ಹಾದು ಹೋಗೋರು. ಗುರುಸಿದ್ದ ಕಿಟಕಿಯಿಂದ ಕೈಚಾಚಿ ಮುರಿದ ಛತ್ರಿ ಇಸ್ಕೊಂಡು ಮುಂದಿನ ಸುತ್ತಲ್ಲಿ ರಿಪೇರಿ ಮಾಡಿ ಕೊಡೋನು. ನಾನು ಅವಳ ಕೈಗೆ ಒಂದೊಂದು ಸುತ್ತಿಗೆ ಒಂದೊಂದು ರೊಟ್ಟಿ ಕೊಡ್ತಿದ್ದೆ. ಸುಳ್ಳು ಹೇಳಿದ್ದಕ್ಕೆ ನನಗೆ ದುಃಖ ಇತ್ತಾ? ಇರಲಿಲ್ಲ. ಸುಖವಾಗಿತ್ತು, ಅದನ್ನ ಮುಚ್ಚಿಡೋದೇಕೆ.

ನಾಲ್ಕು ತಿಂಗಳಾಯ್ತು, ಎಂಟಾಯ್ತು. ಗಾಡಿ ನಿಲ್ಲಲಿಲ್ಲ. ಮುದ್ದಪ್ಪ ಒಂದು ದಿನ, "ಏನು ದೇವೀರಮ್ಮ, ಈ ಸಲ ಹಲ್ಲು ಜಾರಿತಾ" ಅಂತ ಕೆಣಕಿದ. "ನಿನ್ನ ಗಾಡಿ ನಿಂತದ್ದೂ ನಾನು ಹೇಳಿದ ವರ್ಷವೇ, ಮರೀಬೇಡ" ಅಂತ ಬಾಯಿ ಮುಚ್ಚಿಸಿದೆ. ವರ್ಷಕ್ಕೊಮ್ಮೆ ಚೆನ್ನಾಜಿ ಮತ್ತೆ ನೋಡು ಅಂತ ಗಾಡಿ ತರೋಳು. ಕೋಲು ಕಚ್ಚಿ, ಹಣೆ ಗಂಟು ಹಾಕಿ, "ಇನ್ನೇನು, ಇನ್ನೊಂದೆರಡು ತಿಂಗಳು" ಅಂತ ಅದೇ ಸುಳ್ಳಿಗೆ ಎಣ್ಣೆ ಸವರಿ ಕಳಿಸ್ತಿದ್ದೆ. ಪ್ರತಿ ಸಲ ಹೀಗಾದ ಮೇಲೆ ಒಂದು ಹಲ್ಲು ಬೀಳ್ತಿತ್ತು. ಬಿದ್ದರೆ ಬೀಳಲಿ ಅಂದ್ಕೊಂಡೆ.

ಹಾಗೆ ಐದು ವರ್ಷ ಹೋಯ್ತು. ಹಿಂದಿನ ಸೀಟಲ್ಲಿ ಅವರಿಗೆ ಒಂದು ಹೆಣ್ಣು ಹುಟ್ಟಿತು, ನೀಲು ಅಂತ. ಎರಡನೇ ಗೇರಿನ ಸದ್ದಿಲ್ಲದಿದ್ದರೆ ಆ ಮಗುವಿಗೆ ನಿದ್ದೆ ಬರ್ತಿರಲಿಲ್ಲ. ಯಾಕಂದರೆ ಊರ ಬೀದಿಯಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗೋಕೆ ಎಲ್ಲಿ ಆಗ್ತದೆ? ಮೂರನೇದು, ನಾಲ್ಕನೇದು ಆ ಗಾಡಿಯಲ್ಲಿವೆ ಅನ್ನೋದೇ ಅವರಿಗೆ ಮರೆತುಹೋಗಿತ್ತು. ಚೆನ್ನಾಜಿ ಮಾತು ಕಮ್ಮಿ ಮಾಡಿದಳು. ಗೊಣಗೋ ಹುಡುಗಿ ಸುಮ್ಮನಾದಳು. ಅಪ್ಪ ಹೇಳಿಕೊಟ್ಟಿದ್ದನಲ್ಲ, ಸುಮ್ಮನಿರೋದನ್ನ ಎರಡು ಸಲ ವಿಚಾರಿಸು ಅಂತ. ನಾನು ಒಂದು ಸಲವೂ ವಿಚಾರಿಸಲಿಲ್ಲ. ಕೇಳಿದರೆ ಏನು ಉತ್ತರ ಬರ್ತದೋ ಅಂತ ಹೆದರಿಕೆ.

ಮಾಗಿ ಚಳಿಯಲ್ಲಿ ಒಂದು ಬೆಳಿಗ್ಗೆ ಹುರಿಗಾಳು ಅಗಿಯೋವಾಗ ನನ್ನ ಕೊನೇ ಹಲ್ಲು ಕಿತ್ತು ಬಂತು. ಅಂಗೈಲಿಟ್ಟು ನೋಡ್ತಾ ಕೂತಿದ್ದೆ. ಅದೇ ಹೊತ್ತಿಗೆ ದಾರಿಯವನೊಬ್ಬ ಬಂದ, ಮೈಯೆಲ್ಲ ಬಿಳೀ ಕಲ್ಲುಪುಡಿ. ರಾಚಯ್ಯನ ಮಾತು ತಂದಿದ್ದ. "ಎರಡು ಕಣ್ಣೂ ಹೋದವಂತೆ ತಾಯಿ. ಇನ್ನು ನೋಡೋಕೆ ಆಗಲ್ಲ, ಮಗಳು ಬಂದರೆ ಗಾಡಿ ಸದ್ದಲ್ಲೇ ಗುರುತು ಹಿಡೀತೀನಿ, ಬೇಗ ಬರಲಿ ಅಂದರು. ದಿನಾ ದಾರಿ ಪಕ್ಕದ ಕಲ್ಲಿನ ಮೇಲೆ ಕೂತು ಬರೋ ಗಾಡಿಗೆಲ್ಲ ಕಿವಿ ಕೊಡ್ತಾರೆ." ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಚೆನ್ನಾಜಿಯನ್ನ ನನ್ನ ಹತ್ರ ಇಟ್ಕೊಳ್ಳೋ ಆಸೆಗೆ ನಾನು ಒಬ್ಬ ಮನುಷ್ಯನಿಂದ ಅವನ ಮಗಳ ಮುಖವನ್ನೇ ಕಿತ್ತುಕೊಂಡಿದ್ದೆ. ಅದು ಇನ್ನು ವಾಪಸ್ ಕೊಡೋಕೆ ಆಗೋದಲ್ಲ.

ಮುಂದಿನ ಸುತ್ತಲ್ಲಿ ಗಾಡಿ ಬಂದಾಗ ನಾನು ಬೀದಿ ಮಧ್ಯೆ ನಿಂತೆ. ಚೆನ್ನಾಜಿ ಬ್ರೇಕ್ ಹಾಕಿದಳು. ಮೊದಲು ಅವಳ ಅಪ್ಪನ ಮಾತು ಹೇಳಿದೆ. ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟಳು. ಆಮೇಲೆ ಹೇಳಿದೆ, "ನಿನ್ನ ಗಾಡಿದು ನಾಲ್ಕು ತಿಂಗಳಲ್ಲ ಕಣೆ. ಮೂವತ್ತು ವರ್ಷ. ನನಗೆ ಅವತ್ತೇ ಗೊತ್ತಿತ್ತು."

ಅವಳು ತಲೆ ಎತ್ತಿದಳು. "ನನ್ನ ಕೈ ದಿನಾ ಹೇಳ್ತಿತ್ತು ದೊಡ್ಡವ್ವ" ಅಂದಳು. "ಗೇರು ಬೆಣ್ಣೆಯಿಂದ ಕೂದಲು ಎಳೆದಂಗೆ ಬೀಳ್ತಿತ್ತು. ಇದು ನಿಲ್ಲೋ ಗಾಡಿ ಅಲ್ಲ ಅಂತ ಕೈಗೆ ಗೊತ್ತಿತ್ತು. ಆದರೆ ದೊಡ್ಡವ್ವ ಹೇಳಿದ ಮೇಲೆ ನನ್ನ ಕೈಯೇ ಸುಳ್ಳು ಅಂದ್ಕೊಂಡೆ."

"ನಿಮ್ಮವ್ವನಿಗೆ ನಿಜ ಹೇಳಿದೆ, ಅವಳು ಬರಲಿಲ್ಲ" ಅಂದೆ.

"ನನಗೆ ಸುಳ್ಳು ಹೇಳಿದೆ, ನಾನು ಹೋಗಲಿಲ್ಲ. ಅವ್ವ ಆದೋಳು ಹಿಂಗೆ ಮಾಡ್ತಾಳಾ?"

ಅವ್ವ ಆದೋಳೇ ಹಿಂಗೆ ಮಾಡೋದು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳು ಮೊದಲನೇ ಗೇರು ಹಾಕಿ ನನ್ನನ್ನ ಸುತ್ತಿಕೊಂಡು ಹೋದಳು. ಮೂರು ದಿನ ಹಾಗೇ ಸುತ್ತಿದಳು, ನನ್ನ ಬಾಗಿಲ ಮುಂದೆ ಬಂದಾಗ ಆ ಕಡೆ ನೋಡ್ತಾ. ರೊಟ್ಟಿ ಹಿಡಿದು ನಿಂತಿರ್ತಿದ್ದೆ, ಗಾಡಿ ನಿಧಾನ ಕೂಡ ಆಗ್ತಿರಲಿಲ್ಲ. ನೀಲು ಮಾತ್ರ ಹಿಂದಿನ ಗಾಜಿಗೆ ಮೂಗು ಒತ್ತಿ ನನ್ನನ್ನೇ ನೋಡ್ತಾ ಹೋಗ್ತಿತ್ತು. ಸುದ್ದಿ ಊರೆಲ್ಲ ಹಬ್ಬಿತು. ಯಾರೂ ಬೈಯಲಿಲ್ಲ, ಆದರೆ ಗಾಡಿ ತಗೊಂಡು ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಬಂದಿದ್ದರೂ ಕಚ್ಚೋಕೆ ನನ್ನ ಹತ್ರ ಏನಿತ್ತು? ಮೂರು ರಾತ್ರಿ ಅತ್ತೆ. ಅಳು ಅಂದರೆ ಹೊಟ್ಟೆಯಿಂದ ಬರೋ ಅಳು.

ನಾಲ್ಕನೇ ದಿನ ಗಾಡಿ ನಿಂತಿತು. ಹಿಂದಿನ ಬಾಗಿಲು ತೆಗೆದು, "ಬಂದು ಕೂತ್ಕೋ" ಅಂದಳು ಚೆನ್ನಾಜಿ. "ಅಪ್ಪನ ಹತ್ರ ಹೋಗ್ತಿದ್ದೀವಿ. ಇಷ್ಟು ತಡ ಯಾಕಾಯ್ತು ಅಂತ ಅವನು ಕೇಳೇ ಕೇಳ್ತಾನೆ. ಅದನ್ನ ನೀನೇ ಹೇಳಬೇಕು. ನಿನ್ನ ಪರವಾಗಿ ನಾನು ಬಾಯಿ ಬಿಡೋಳಲ್ಲ."

"ನಾನು ಹತ್ತಿದರೆ ಮನೆ ಹೋಗ್ತದೆ ಕಣೆ. ಅಪ್ಪನ ಮನೆ."

"ಹೋದರೆ ಹೋಗಲಿ. ನನ್ನ ಐದು ವರ್ಷ ಹೋಗಲಿಲ್ವಾ?"

ಒಳಗೆ ಹೋಗಿ ಒಲೆಗೆ ನೀರು ಸುರಿದೆ, ಬೀಟೆ ಕೋಲು ತಗೊಂಡೆ, ಇನ್ನೊಂದು ಸೀರೆ ತಗೊಂಡೆ, ಬಾಗಿಲು ಹಾಕದೆ ಬಂದು ನೀಲು ಪಕ್ಕ ಕೂತೆ. ಐವತ್ತು ವರ್ಷ ಆಗಿತ್ತು ಓಡೋ ಗಾಡಿಯಲ್ಲಿ ಕೂತು. ಹುಣಸೆಮರ ಹಿಂದಕ್ಕೆ ಹೋಯ್ತು. ಮರ ಹಿಂದಕ್ಕೆ ಹೋಗೋದನ್ನ ನಾನು ಮರೆತೇಬಿಟ್ಟಿದ್ದೆ.

ಸೇತುವೆ ಹತ್ರ ಹಾರ್ನ್ ಹಾಕಿದಾಗ ಮುದ್ದಪ್ಪನ ಹೆಂಡತಿ ಮೊರ ಎತ್ತಿಕೊಂಡಳು. ಮುದ್ದಪ್ಪ ಚಾಪೆ ಸುತ್ತೋಕೆ ಬಗ್ಗಿದವನು ನನ್ನನ್ನ ಕಂಡು ಹಾಗೇ ನಿಂತ. "ದೇವೀರಮ್ಮ, ಮನೆ ಬಿಟ್ಟೆಯಾ? ಹಾಗಾದರೆ ಹೆಂಚು ಇಳಿಸೋಕೆ ಊರವರಿಗೆ ಹೇಳಬೇಕಾಗ್ತದೆ. ನನಗೂ ಇಷ್ಟವಿಲ್ಲ, ಆದರೆ ಪದ್ಧತಿ."

ನಾನು ಹ್ಞೂಂ ಅನ್ನೋಕೆ ಮೊದಲೇ ಚೆನ್ನಾಜಿ ಹಿಂದಕ್ಕೆ ತಿರುಗಿದಳು. ಮೂರು ದಿನದ ಮೇಲೆ ಮೊದಲನೇ ಸಲ ನನ್ನ ಮುಖ ನೋಡಿದಳು. "ದೊಡ್ಡವ್ವ, ಬಾಯಿ ತೆಗಿ" ಅಂದಳು.

"ಯಾಕೆ?"

"ತೆಗಿ ಅಂದ್ರೆ ತೆಗಿ. ಮುದ್ದಪ್ಪಣ್ಣ, ನೋಡು. ಹಲ್ಲಿಲ್ಲದೋರಿಗೆ ನಿಯಮ ಉಂಟಾ? ನಾನು ಇವಳ ಹತ್ರ ಬಂದಿದ್ದೂ ಹಂಗೇ ಅಲ್ವಾ?"

ಮುದ್ದಪ್ಪ ಕಿಟಕಿಗೆ ಬಗ್ಗಿ, ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ಈ ಕಡೆ ಆ ಕಡೆ ನೋಡಿದ. ಅವನ ಹೆಂಡತಿಯೂ ಮೊರ ಹಿಡ್ಕೊಂಡೇ ಬಂದು ಇಣುಕಿದಳು. "ಒಂದೂ ಇಲ್ಲ" ಅಂದ ಅವನು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಹಾಗಾದರೆ ಮನೆ ಅದರ ಪಾಡಿಗೆ ಇರಲಿ ಬಿಡು" ಅಂತ ಚಾಪೆ ಸುತ್ತಿದ. ನಾವು ಅವನ ನಡುಮನೆ ದಾಟಿ, ಅಡುಗೆಮನೆ ಘಮ ದಾಟಿ, ಹಿತ್ತಿಲ ಬಾಗಿಲಿಂದ ಆ ದಡಕ್ಕೆ ಇಳಿದೆವು. ಚೆನ್ನಾಜಿ ಮತ್ತೆ ನನ್ನ ಕಡೆ ತಿರುಗಲಿಲ್ಲ. ಕೋಪ ಇಳಿದಿರಲಿಲ್ಲ, ಇಳೀಬೇಕು ಅಂತ ನಾನೂ ಕೇಳಲಿಲ್ಲ.

ಆಚೆ ದಾರಿ ಸುಮ್ಮನೆ ಮಲಗಿತ್ತು. ಅವಳು ಮೂರನೇ ಗೇರು ಹಾಕಿದಳು. ಗಾಡಿ ಒಂದು ಸಲ ಕೆಮ್ಮಿ ಹಿಡೀತು. ಇನ್ನೊಂದು ಹರದಾರಿ ಹೋದ ಮೇಲೆ ನಾಲ್ಕನೇದು. ಎಲ್ಲ ಸದ್ದೂ ನಿಂತುಹೋದ ಹಾಗಾಯ್ತು. ಗುರುಸಿದ್ದ ಹೆದರಿ, "ನಿಂತುಹೋಯ್ತಾ?" ಅಂದ. "ಇಲ್ಲ, ಈಗ ಓಡ್ತಾ ಐತೆ" ಅಂದಳು ಚೆನ್ನಾಜಿ. ಎರಡನೇ ಗೇರಿನ ಜೋಗುಳ ಇಲ್ಲದೆ ನೀಲು ಎರಡು ದಿನ ಮಲಗಲಿಲ್ಲ. ಮೂರನೇ ದಿನ ನನ್ನ ಕೋಲು ತಗೊಂಡು, ನಾನು ಮಾಡೋದನ್ನ ನೋಡಿದ್ದಳಲ್ಲ, ಒಂದು ತುದಿ ಗಾಡಿ ನೆಲಕ್ಕೆ ಒತ್ತಿ ಇನ್ನೊಂದು ತುದಿ ಹಾಲುಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದಳು. "ಎಷ್ಟು ವರ್ಷ ಅಂತದೆ?" ಅಂತ ಕೇಳಿದೆ, ತಮಾಷೆಗೆ. "ಅದಕ್ಕೆ ಎಣಿಸೋಕೆ ಬರಲ್ಲ ಅಜ್ಜಿ" ಅಂದು ಅಲ್ಲೇ ನನ್ನ ತೊಡೆ ಮೇಲೆ ನಿದ್ದೆ ಹೋದಳು.

ಏಳು ತಿಂಗಳು ಹೋದೆವು. ಜೋಳದ ಹೊಲ, ಉಪ್ಪಿನ ಮಡಿ, ಯಾವಾಗಲೂ ಮಂಜು ಕವಿದಿರೋ ಒಂದು ತಗ್ಗು, ಎಲ್ಲದರಲ್ಲೂ ನಿಂತ ಗಾಡಿಗಳು, ಅವುಗಳ ಪಕ್ಕ ಹೊಗೆಯಾಡೋ ಮನೆಗಳು. ಎಷ್ಟೋ ಮನೆಯವರು ನನ್ನ ಹೆಸರು ಕೇಳಿ, "ನೀವು ಹೇಳಿದ ವರ್ಷವೇ ನಿಂತಿತು ತಾಯಿ" ಅಂತ ಸಾರಿಗೆ ಇನ್ನೊಂದು ಸೌಟು ತುಪ್ಪ ಹಾಕಿದರು. ನಾನು ತಲೆ ತಗ್ಗಿಸಿ ಉಣ್ಣುತಿದ್ದೆ. ಐದನೇ ತಿಂಗಳಲ್ಲಿ ಚೆನ್ನಾಜಿ ರೊಟ್ಟಿಯನ್ನ ಹಾಲಲ್ಲಿ ನೆನೆಸಿ ನನ್ನ ಮುಂದೆ ಇಟ್ಟಳು, ಮಾತಾಡದೆ. ನಾನೂ ಮಾತಾಡದೆ ತಿಂದೆ.

ಕಲ್ಲುಬಯಲು ಬಿಳೀ ಬಯಲು. ದೂರದಿಂದಲೇ ಒಂದು ತುಕ್ಕು ಹಿಡಿದ ಗಾಡಿ, ಅದರ ಬಾಗಿಲನ್ನೇ ಬಾಗಿಲು ಮಾಡಿಕೊಂಡ ಕಲ್ಲಿನ ಮನೆ, ಪಕ್ಕದಲ್ಲಿ ಸುಣ್ಣ ಬಳಿದ ಒಂದು ಗುಡ್ಡೆ ಕಾಣಿಸ್ತು. ಅದು ಹೊನ್ನಿ. ದಾರಿ ಪಕ್ಕದ ಕಲ್ಲಿನ ಮೇಲೆ ಮುದುಕನೊಬ್ಬ ಕೂತಿದ್ದ. ಚೆನ್ನಾಜಿ ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸೋವಾಗಲೇ ಅವನು ಎದ್ದು ನಿಂತ, ಕಿವಿಯನ್ನ ನಮ್ಮ ಕಡೆ ತಿರುಗಿಸಿ. ಗಾಡಿ ನಿಂತಿತು. ಅವಳು ಇಳಿದು ಓಡಿ ಹೋಗಿ ಅವನ ಎರಡು ಕೈ ತಗೊಂಡು ತನ್ನ ಮುಖದ ಮೇಲೆ ಇಟ್ಕೊಂಡಳು. ಅವನು ಹಣೆ, ಹುಬ್ಬು, ಮೂಗು ಎಲ್ಲ ಸವರಿದ. ಬಹಳ ಹೊತ್ತು ಸವರಿದ.

ಆಮೇಲೆ ಬಾನೆಟ್ ಮೇಲೆ ಕೈಯಿಟ್ಟು, ಇನ್ನೂ ಗುರುಗುಡ್ತಿದ್ದ ಗಾಡಿಯನ್ನ ಕೇಳಿಸಿಕೊಂಡ. ಇಪ್ಪತ್ತೇಳು ವರ್ಷ ಬರೋ ಗಾಡಿಗೆಲ್ಲ ಕಿವಿ ಕೊಟ್ಟ ಮನುಷ್ಯ. "ಇದು ನಿಲ್ಲೋ ಗಾಡಿಯಲ್ಲ" ಅಂದ. "ಇಂಥಾ ಗಾಡಿ ಇಟ್ಕೊಂಡು ಇಷ್ಟು ತಡ ಯಾಕೆ ಮಾಡಿದೆ ಮಗಳೇ? ಕಣ್ಣಿರೋವಾಗ ಬರಬಾರದಿತ್ತಾ?"

ಚೆನ್ನಾಜಿ ನನ್ನ ಕಡೆ ತಿರುಗಿದಳು. ಮೊದಲೇ ಹೇಳಿದ್ದಳಲ್ಲ. ನಾನು ಇಳಿದು ಹೋಗಿ ಕಲ್ಲಿನ ಮೇಲೆ ಅವನನ್ನ ಕೂರಿಸಿ, ಪಕ್ಕದಲ್ಲಿ ಕೂತೆ. "ರಾಚಯ್ಯ, ನಾನು ದೇವೀರಿ" ಅಂದೆ.

ಅವನು ಕೈಚಾಚಿ ನನ್ನ ಮುಖವನ್ನೂ ಸವರಿದ. ಗುಳಿಬಿದ್ದ ಕೆನ್ನೆ ಕೈಗೆ ಸಿಕ್ಕಿದ ಕೂಡಲೇ ಬೆರಳು ಅಲ್ಲೇ ನಿಂತವು. "ಅಕ್ಕ" ಅಂದ, "ನಿನ್ನ ಹಲ್ಲೆಲ್ಲ ಏನಾದವು?"

"ಅದನ್ನೇ ಹೇಳೋಕೆ ಬಂದಿದ್ದೀನಿ" ಅಂದೆ. ಚೆನ್ನಾಜಿ ಇಂಜಿನ್ ಆರಿಸಿ ಬಂದು ನಮ್ಮ ಎದುರಿಗೆ ನೆಲದ ಮೇಲೆ ಕೂತಳು.